ಟೋಪಿ ತೊಟ್ಟ ಥರ್ಮೋಸ್ಟಾಟ್

ನರಿನ್
ಫೆಬ್ರವರಿ ೩, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಚೋನೆನೆ,

ನಿನ್ನ ಎರಡೂ ಕೈಗಳಿಗೆ ನಿನ್ನ ಮೊಮ್ಮಗಳ ಮುತ್ತು. ಹೇಗಿದ್ದೀ? ಮೊಣಕಾಲು ನೋವು ತಗ್ಗಿತೇ? ಬುರುಲ್ ಅತ್ತೆ ಬಿಸಿ ಹಾಲಿಗೆ ಕುರಿಬಾಲದ ಕೊಬ್ಬು ಕರಗಿಸಿ ಕೊಡುತ್ತಿದ್ದಾಳೆಯೇ? ನೀನು ಅದನ್ನು ಕುಡಿಯುತ್ತಿದ್ದೀಯೋ, ಅತ್ತೆ ಆಚೆ ತಿರುಗಿದ ಕೂಡಲೇ ಬೆಕ್ಕಿಗೆ ಹಾಕುತ್ತಿದ್ದೀಯೋ? ಕೆಮ್ಮು ಹೇಗಿದೆ? ಈ ಕೊನೆಯ ಪ್ರಶ್ನೆಗೆ ಮಾತ್ರ ನನಗೆ ನಿಜವಾದ ಉತ್ತರ ಬೇಕು. ಫೋನಿನಲ್ಲಿ ಕೇಳಿದರೆ "ಇಲ್ಲಿ ಸಿಗ್ನಲ್ ಸಿಗಲ್ಲ ಮಗಳೇ" ಎಂದು ಇಟ್ಟುಬಿಡುತ್ತೀ. ಅತ್ತೆಯ ಮನೆಯ ಹಿಂದಿನ ದಿಬ್ಬದ ಮೇಲೇ ಟವರ್ ಇದೆ, ನಾನೇ ನೋಡಿದ್ದೇನೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಚರ್ಮದ ಚೀಲ ಹೊತ್ತು ಈ ಊರಿನ ಬೀದಿಗಳಲ್ಲಿ ಅಂಚೆ ಹಂಚಿದವಳು ನೀನು. "ಫೋನಲ್ಲಿ ಬರೋದು ಗಾಳಿ, ಕಾಗದದಲ್ಲಿ ಬರೋದು ಮಾತು" ಎನ್ನುವವಳೂ ನೀನೇ. ಇದಕ್ಕೆ ಅಂಚೆಚೀಟಿ ಇಲ್ಲ, ಅತ್ತೆಯ ಊರು ಅತ್‌ಬಾಶಿಗೆ ಹೊರಡುವ ವ್ಯಾನಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅಷ್ಟಕ್ಕೆ ಬೈಯಬೇಡ.

ಮನೆಯಲ್ಲಿ ಎಲ್ಲರೂ ಸೌಖ್ಯ. ನೀನು ಹೋದ ಮೇಲೆ ಅಮ್ಮ ಬ್ರೆಡ್ಡಿಗೆ ಉಪ್ಪು ಹಾಕುವುದನ್ನು ಮೂರು ಸಲ ಮರೆತಿದ್ದಾಳೆ. "ಉಪ್ಪು ಹಾಕಿದ್ಯಾ" ಎಂದು ಕೇಳುವವರು ಇಲ್ಲವಲ್ಲ! ಅಪ್ಪ ಚಹಾ ಕುಡಿಯುವಾಗ ನಿನ್ನ ಜಾಗದ ಕಡೆ ನೋಡುತ್ತಾನೆ, ಆಮೇಲೆ ಬಟ್ಟಲಿನ ಕಡೆ ನೋಡುತ್ತಾನೆ. ನಾನು ಎಂದಿನಂತೆ ಗ್ರಂಥಾಲಯಕ್ಕೆ ಹೋಗಿ ಬರುತ್ತೇನೆ. ನೀನು ಅತ್ತೆಯ ಜೊತೆ ಹೊರಟು ಇವತ್ತಿಗೆ ಇಪ್ಪತ್ತೆರಡು ದಿನ. ಈ ಕಾಗದದ ಆಸೆ ಒಂದೇ, ಮೊದಲೇ ಹೇಳಿಬಿಡುತ್ತೇನೆ: ನೀನು ಮನೆಗೆ ಬರಬೇಕು. ವಸಂತದಲ್ಲಲ್ಲ, ಈ ವಾರ. ಈಗ ನಿನ್ನ ಕೋಣೆ ಬೆಚ್ಚಗಿದೆ. ಹೇಗೆ ಬೆಚ್ಚಗಾಯಿತು ಎಂಬುದನ್ನು ಬರೆಯುತ್ತೇನೆ, ಏಕೆಂದರೆ ನೀನು ನಂಬುವುದಿಲ್ಲ.

ಸೆಪ್ಟೆಂಬರಿನಲ್ಲಿ ಅಪ್ಪ ಕಲ್ಲಿದ್ದಲ ಒಲೆ ಕೆಡವಿದ ದಿನ ನೀನು ಅಂಗಳದಲ್ಲಿ ಬೆನ್ನು ತಿರುಗಿಸಿ ಕೂತಿದ್ದೆ. "ಸೂರಿಗೆಲ್ಲ ಮಸಿ ಹಿಡೀತಿದೆ ಅಮ್ಮಾ, ಈಗ ಎಲ್ಲರೂ ಕರೆಂಟಿನ ಬಾಯ್ಲರ್ ಹಾಕಿಸ್ತಿದಾರೆ" ಎಂದ ಅಪ್ಪ. "ಮಸಿ ಹಿಡಿದ ಸೂರಿನ ಕೆಳಗೇ ನಿನ್ನ ಹೆತ್ತೆ, ಆಗ ಕಣ್ಣಿಗೆ ಚುಚ್ಚಲಿಲ್ವಾ?" ಎಂದೆ ನೀನು. ಆಮೇಲೆ ನಾವೆಲ್ಲ ಅಣ್ಣ ಎಂದು ಕರೆಯುವ, ಬಾಯ್ಲರ್ ಕೆಲಸದ ಕುಬಾನ್ ಬೈಕೆ ಬಂದು ಮುಂಬಾಗಿಲ ಪಡಸಾಲೆಯಲ್ಲಿ ಬಾಯ್ಲರ್ ನಿಲ್ಲಿಸಿ, ಕೋಣೆಕೋಣೆಗೂ ರೇಡಿಯೇಟರ್ ಕೂರಿಸಿ, ಕೊನೆಗೆ ಅಂಗೈಯಗಲದ ಬಿಳಿ ಪೆಟ್ಟಿಗೆ ಹಿಡಿದು ಥರ್ಮೋಸ್ಟಾಟ್ ಎಲ್ಲಿ ಹಾಕಲಿ ಎಂದು ಕೇಳಿದ. ಮನೆಯ ಗಾಳಿ ಎಷ್ಟು ಬೆಚ್ಚಗಿದೆ ಎಂದು ನೋಡಿ, ಸಾಲದಿದ್ದರೆ ಬಾಯ್ಲರನ್ನು ಎಬ್ಬಿಸುವುದು, ಸಾಕೆನಿಸಿದರೆ ಮಲಗಿಸುವುದು ಇದರ ಕೆಲಸ ಎಂದ. ನಿನ್ನ ಕೋಣೆಯ ಬಾಗಿಲ ಪಕ್ಕದ ಒಳಗೋಡೆ ತೋರಿಸಿ ಇದೇ ಸರಿಯಾದ ಜಾಗ ಎಂದ. ನೀನು ಅವನೆದುರು ಆಗ ಮೊದಲ ಸಲ ಬಾಯಿ ತೆರೆದೆ. "ಮನೆಗೆಲ್ಲ ಅಪ್ಪಣೆ ಕೊಡೋನು ಅಂತೀಯ, ಬಾಗಿಲ ಹತ್ರ ಬೂಟುಗಳ ಜೊತೆ ನಿಲ್ಲಿಸ್ತೀಯ? ತಡವಾಗಿ ಬಂದ ಅಳಿಯನೇನೋ ಅವನು? ತೋರ್‌ನಲ್ಲಿ ಕೂರಿಸು!" ದೊಡ್ಡ ಕೋಣೆಯ ಬಾಗಿಲಿಗೆ ಎದುರಾಗಿ, ಹಿರಿಯರನ್ನೂ ಅತಿಥಿಗಳನ್ನೂ ಕೂರಿಸುವ ತೋರ್ ಬಿಟ್ಟರೆ ಹಿರಿತನಕ್ಕೆ ಬೇರೆ ಜಾಗವೆಲ್ಲಿ? ಕುಬಾನ್ ಬೈಕೆ "ಎನೇ, ಅಮ್ಮಾ, ಇವನು ನೋಡಬೇಕಾದ್ದು ಗಾಳಿ, ಗೌರವ ಅಲ್ಲ" ಎಂದ. "ಮೊದಲು ಚಹಾ ಕುಡಿ, ಆಮೇಲೆ ನಂಗೆ ಬುದ್ಧಿ ಹೇಳು" ಎಂದೆ ನೀನು. ಮೂರನೆಯ ಬಟ್ಟಲು ಮುಗಿಯುವಷ್ಟರಲ್ಲಿ ನೀನು ತೋರಿಸಿದ ಕಡೆ ಗೋಡೆಗೆ ತೂತು ಬಿದ್ದಿತ್ತು. ತೋರ್‌ನಲ್ಲಿ, ರಜಾಯಿಗಳನ್ನು ಮಡಚಿ ಒಟ್ಟಿದ ಅಟ್ಟಿಯ ಮೇಲ್ಗಡೆ. ಅಟ್ಟಿಯ ಹಿಂದೆ ರೇಡಿಯೇಟರ್ ಇತ್ತು ಎಂಬುದನ್ನು ಯಾರೂ ಎತ್ತಿ ಹೇಳಲಿಲ್ಲ.

ನೀನು ಅವನಿಗೆ ಅಕ್ಸಕಾಲ ಎಂದು ಹೆಸರಿಟ್ಟೆ, ಊರಿಗೆ ನ್ಯಾಯ ಹೇಳುವ ಬಿಳಿಗಡ್ಡದ ಹಿರಿಯ. ತೋರ್‌ನಲ್ಲಿ ಕೂತವನ ತಲೆ ಬರಿದಾಗಿರಬಾರದು ಎಂದು ಮೂರು ದಿನ ಕೂತು ಬಿಳಿ ಉಣ್ಣೆಯ ಕಂಬಳಿಯಲ್ಲಿ ಅವನ ಅಳತೆಗೆ ಟೋಪಿ ಹೊಲಿದೆ. ನಮ್ಮ ಗಂಡಸರು ಹಾಕುವಂಥದ್ದೇ ಕಲ್ಪಾಕ್, ಅಂಚಿಗೆ ಕಪ್ಪು ದಾರದಲ್ಲಿ ಟಗರಿನ ಕೊಂಬಿನ ಚಿತ್ತಾರ. ಅದನ್ನು ಅವನ ತಲೆಗೆ ಇಳಿಬಿಟ್ಟಾಗ ಅಂಕಿ ಕಾಣುವ ಕಿಟಕಿಯಷ್ಟೇ ಹೊರಗಿತ್ತು. ಒಲೆ ಹೋದ ಮೇಲೆ ನೀನು ನಕ್ಕಿದ್ದು ಅದೇ ಮೊದಲು. ನಾವೆಲ್ಲ ನಕ್ಕೆವು.

ಆಮೇಲಿನದು ನಿನಗೆ ಗೊತ್ತಿದೆ. ವರ್ಷದ ಕಡು ಚಳಿಯ ನಲವತ್ತು ದಿನ ಶುರುವಾದವು. ಅಕ್ಸಕಾಲ ಇಪ್ಪತ್ನಾಲ್ಕು ಎನ್ನುತ್ತಿದ್ದ, ನಿನ್ನ ಕೋಣೆಯಲ್ಲಿ ಉಸಿರು ಕಣ್ಣಿಗೆ ಕಾಣುತ್ತಿತ್ತು. ಅಮ್ಮ ಕೋಟಿನ ಮೇಲೆ ಕೋಟು ಹಾಕಿ ಹಿಟ್ಟು ನಾದಿದಳು. ನೀನು ಹೋಗಿ ಅವನನ್ನು ಮೂವತ್ತಕ್ಕೆ ತಿರುಗಿಸುತ್ತಿದ್ದೆ, ಒಲೆಗೆ ಇನ್ನೊಂದು ಬಕೀಟು ಕಲ್ಲಿದ್ದಲು ಸುರಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಕೋಣೆ ಸ್ನಾನದ ಮನೆಯಂತಾಗಿ ಅಮ್ಮ ಕಿಟಕಿ ತೆಗೆದು ಅವನನ್ನು ಹತ್ತಕ್ಕೆ ಇಳಿಸುತ್ತಿದ್ದಳು. ಬೆಳಗಾದರೆ ಮತ್ತೆ ಹಿಮ. ಅಪ್ಪ ಇಬ್ಬರಿಗೂ ತಿಳಿಯದಂತೆ ಇಪ್ಪತ್ತು ಮಾಡುತ್ತಿದ್ದ. ಜನವರಿ ಹನ್ನೆರಡರಂದು ನೀನು ಶಾಲು ಕಟ್ಟಿಕೊಂಡೆ. "ಬೆಂಕಿ ಕಾಣದ ಮನೆ ಮನೆಯಲ್ಲ, ಪೆಟ್ಟಿಗೆ. ಪೆಟ್ಟಿಗೇಲಿ ಮಲಗೋಕೆ ನಂಗಿನ್ನೂ ಹೊತ್ತಿದೆ" ಎಂದು ಅತ್ತೆಯ ಜೊತೆ ಹೊರಟುಬಿಟ್ಟೆ.

ಮರುದಿನವೇ ಅಪ್ಪ ಇಟ್ಟಿಗೆ ತರಿಸಿ ಅಂಗಳದಲ್ಲಿ ಜೋಡಿಸಿದ. ಒಲೆ ಕಟ್ಟುವ ಮೇಸ್ತ್ರಿಗೂ ಹೇಳಿದ. "ಅಮ್ಮ ಇಲ್ದೇ ಇರೋ ಮನೆಗೆ ಯಾವ ಬಾಯ್ಲರ್ ಇದ್ದರೇನು" ಎಂದ. ನಾನು ಅವನ ಮುಂದೆ ಹೋಗಿ ನಿಂತೆ. ನಾನು ಎಂಥವಳು ಅಂತ ನಿನಗೆ ಗೊತ್ತಲ್ಲ, ಬೀದಿಯಲ್ಲಿ ಯಾರಾದರೂ ಸಲಾಮ್ ಎಂದರೆ ನನ್ನ ಬೂಟು ನೋಡಿಕೊಂಡು ಉತ್ತರ ಕೊಡುವವಳು. ಬೂಟನ್ನೇ ನೋಡುತ್ತಾ "ಹತ್ತು ದಿನ ಕೊಡು ಅಪ್ಪಾ" ಎಂದೆ. ಅವನು "ಐದು ವರ್ಷ ಪುಸ್ತಕ ಓದಿದೋಳು ಇನ್ನು ಗೋಡೆ ಓದ್ತಾಳಂತೆ ಕೇಳಿದ್ಯಾ" ಎಂದು ಅಮ್ಮನಿಗೆ ಹೇಳಿದ. ಆದರೆ ಕೊಟ್ಟ.

ಗ್ರಂಥಾಲಯದ ಗೋಡೆಯ ಗಾಜಿನ ಥರ್ಮಾಮೀಟರನ್ನು ಕೇಳಿ ತಂದೆ. ಕವಿತೆ ಬರೆಯಲೆಂದು ಇಟ್ಟುಕೊಂಡ ನೀಲಿ ನೋಟುಪುಸ್ತಕದಲ್ಲಿ ಗೆರೆ ಹಾಕಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದನ್ನು ಒಂದೊಂದು ಕೋಣೆಯಲ್ಲಿ ಅರ್ಧ ಗಂಟೆ ಇಟ್ಟು ಬರೆದೆ. ನಿನ್ನ ಹಾಸಿಗೆಯ ಪಕ್ಕ ಹನ್ನೆರಡು. ಅಡುಗೆಮನೆ ಹದಿನೈದು. ದೊಡ್ಡ ಕೋಣೆಯ ನಡುವೆ, ಊಟದ ಬಟ್ಟೆ ಹಾಸುವಲ್ಲಿ, ಹದಿನಾರು. ಅಕ್ಸಕಾಲ ಮಾತ್ರ ಇಪ್ಪತ್ನಾಲ್ಕು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೆ. ನಾಲ್ಕನೆಯ ದಿನ ಸುಮ್ಮನೆ ಗಾಜಿನದನ್ನು ಕಲ್ಪಾಕಿನೊಳಗೆ, ಅಕ್ಸಕಾಲನ ಕಿವಿಯ ಪಕ್ಕಕ್ಕೆ ಸಿಕ್ಕಿಸಿದೆ. ಅದೂ ಇಪ್ಪತ್ನಾಲ್ಕು ತೋರಿಸಿತು! ಅವನು ಸುಳ್ಳು ಹೇಳಿರಲಿಲ್ಲ ಚೋನೆನೆ. ಅವನು ಕೂತ ಜಾಗದಲ್ಲಿ ನಿಜವಾಗಿಯೂ ಬೆಚ್ಚಗಿತ್ತು. ಅಟ್ಟಿಯ ಹಿಂದಿನ ರೇಡಿಯೇಟರಿನ ಬಿಸಿ ಗೋಡೆ ಹಿಡಿದು ಮೇಲೇರಿ ಟೋಪಿಯೊಳಗೆ ನಿಂತುಬಿಡುತ್ತಿತ್ತು. ತನಗೆ ಬೆಚ್ಚಗಿದೆಯಲ್ಲ, ಊರಿಗೆಲ್ಲ ಬೆಚ್ಚಗಿದೆ ಎಂದು ಅವನು ಬಾಯ್ಲರನ್ನು ಮಲಗಿಸುತ್ತಿದ್ದ. ಟೋಪಿ ತೆಗೆದೆ, ಚಹಾ ಆರುವಷ್ಟರಲ್ಲಿ ಹತ್ತೊಂಬತ್ತಾಯಿತು. ರಜಾಯಿಗಳನ್ನೆಲ್ಲ ಹೊತ್ತು ಆಚೆ ಗೋಡೆಗೆ ಸಾಗಿಸಿದೆ, ಹದಿನೇಳು. ಪಡಸಾಲೆಯಲ್ಲಿ ಬಾಯ್ಲರ್ ಟಕ್ ಎಂದು ಎದ್ದು ಕೂತಿತು. ನಾನು ಒಬ್ಬಳೇ ಕೋಣೆಯ ನಡುವೆ ಜೋರಾಗಿ ಕೂಗಿದೆ. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಈಗ ತಪ್ಪೊಪ್ಪಿಗೆ. ತಪ್ಪು ನಿನ್ನ ಟೋಪಿಯದಲ್ಲ. ಥರ್ಮೋಸ್ಟಾಟಿನ ಜೊತೆ ಬಂದ ರಷ್ಯನ್ ಪುಸ್ತಿಕೆಯನ್ನು ಆ ದಿನ ನಿನಗೆ ಗಟ್ಟಿಯಾಗಿ ಓದಿ ಹೇಳಿದವಳು ನಾನು. ಅದರ ಆರನೆಯ ಪುಟದಲ್ಲಿ ಬರೆದಿತ್ತು, ರೇಡಿಯೇಟರಿನ ಮೇಲೆ ಹಾಕಬಾರದು, ಪರದೆ ಬಟ್ಟೆಗಳಿಂದ ಮುಚ್ಚಬಾರದು ಎಂದು. ನಾನು ಅದನ್ನು ಕಣ್ಣಿನಿಂದ ಓದಿದೆ, ಬಾಯಿಂದ ಓದಲಿಲ್ಲ. ಕುಬಾನ್ ಬೈಕೆ ನನ್ನ ಕಡೆ ನೋಡಿದ್ದ, ನೀನಾದರೂ ಹೇಳು ಎನ್ನುವಂತೆ. ನಾನು ಬೂಟು ನೋಡಿಕೊಂಡೆ. ಟೋಪಿ ಹೊಲಿದಾಗಲೂ ಆ ಸಾಲು ನೆನಪಾಯಿತು. ನೀನು ನಗುತ್ತಿದ್ದೆ, ಹೇಗೆ ಹೇಳಲಿ? ಕನ್ನಡಕವಿಲ್ಲದ ಮುದುಕಿಯರಿಗೆ ಅವರ ಮಕ್ಕಳ ಕಾಗದಗಳನ್ನು ಹೊಸಿಲಲ್ಲಿ ನಿಂತು ಓದಿ ಹೇಳುತ್ತಿದ್ದವಳು ನೀನು. ಕೆಟ್ಟ ಸುದ್ದಿ ಬಂದಾಗಲೂ ಒಂದು ಸಾಲು ಬಿಟ್ಟವಳಲ್ಲ. "ಓದಿ ಹೇಳೋರು ಸಾಲು ನುಂಗಬಾರದು, ನುಂಗಿದ ಸಾಲು ಹೊಟ್ಟೇಲಿ ಕಲ್ಲಾಗತ್ತೆ" ಎಂದು ನನಗೆ ಕಲಿಸಿದವಳೂ ನೀನೇ. ನಾನು ನುಂಗಿದ ಒಂದು ಸಾಲಿಗೆ ನೀನು ಅರ್ಧ ಚಳಿಗಾಲ ನಡುಗಿದೆ. ಕ್ಷಮಿಸು.

ಕುಬಾನ್ ಬೈಕೆಗೆ ಫೋನು ಮಾಡಿದೆ, ನಾನೇ. ಅವನು ಉದ್ದದ ತಂತಿ ತಂದು, ಅಕ್ಸಕಾಲನನ್ನು ತಾನು ಮೊದಲು ತೋರಿಸಿದ್ದ ಜಾಗಕ್ಕೇ, ನಿನ್ನ ಕೋಣೆಯ ಬಾಗಿಲ ಪಕ್ಕಕ್ಕೆ, ನನ್ನ ಭುಜದ ಎತ್ತರಕ್ಕೆ ಹಾಕಿದ. "ಎನೆಗೆ ಹೇಳ್ಬೇಡ, ಮುಂದಿನ ಸಲ ಚಹಾ ಕೊಡಲ್ಲ" ಎಂದ. ನಾನು ಹೇಳುತ್ತೇನೆ ಎಂದೆ, ಹೇಳುತ್ತಿದ್ದೇನೆ. ಹಗಲು ಇಪ್ಪತ್ತೊಂದು, ಎಲ್ಲರೂ ಮಲಗಿದ ಮೇಲೆ ಹತ್ತೊಂಬತ್ತು ಎಂದು ಅದಕ್ಕೆ ಹೇಳಿಟ್ಟಿದ್ದೇವೆ. ಇನ್ನು ಯಾರೂ ತಿರುಗಿಸುವಂತಿಲ್ಲ. ಮೂವತ್ತಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ ಚೋನೆನೆ, ಅದು ಚಾವಟಿಯಲ್ಲ. ಎಲ್ಲಿ ನಿಲ್ಲಬೇಕು ಎಂದು ಹೇಳುವುದಷ್ಟೇ ನಮ್ಮ ಕೆಲಸ, ಕುದುರೆ ತನ್ನ ನಡಿಗೆಯಲ್ಲೇ ಹೋಗುತ್ತದೆ. ಅಮ್ಮ ಎರಡು ಸಲ ಬೆರಳು ಚಾಚಿದಳು, ನಾನು ನೋಡಿದೆ, ಹಿಂದೆಳೆದುಕೊಂಡಳು.

ಹತ್ತನೆಯ ದಿನ ಮೇಸ್ತ್ರಿ ಬಂದ. ಅಪ್ಪ ಕುರಿಗಳ ಬಳಿ ಇದ್ದ. ನಾನು ಮೇಸ್ತ್ರಿಯನ್ನು ಒಳಗೆ ಕರೆದು ನಿನ್ನ ಕೋಣೆಯಲ್ಲೇ ಕೂರಿಸಿ ಚಹಾ ಬ್ರೆಡ್ಡು ಕೊಟ್ಟೆ. ಮೊದಲು ಟೋಪಿ ತೆಗೆದ, ಆಮೇಲೆ ಕೋಟಿನ ಗುಂಡಿ ಬಿಚ್ಚಿದ, ಎರಡನೆಯ ಬಟ್ಟಲಿಗೆ ಕೋಟೇ ತೆಗೆದ. "ಇಲ್ಲಿ ಒಲೆ ಯಾವನಿಗೆ ಬೇಕಂತೆ?" ಎಂದು ಕೇಳಿದ. ಯಾರಿಗೂ ಬೇಡ ಎಂದೆ, ಅವನ ಮುಖ ನೋಡಿಯೇ. ಅಪ್ಪ ಸಂಜೆ ಬಂದು ಗಾಜಿನ ಥರ್ಮಾಮೀಟರನ್ನು ಒಂದು ಗಳಿಗೆ ಅಂಗೈಯಲ್ಲಿ ಹಿಡಿದು ನಿಂತ. ಮರುದಿನ ಆ ಇಟ್ಟಿಗೆಯಲ್ಲಿ ಕೋಳಿಗೂಡಿನ ಗೋಡೆ ಎದ್ದಿತು.

ನಿನ್ನ ಕಲ್ಪಾಕನ್ನು ಎಲ್ಲೋ ಬಿಸಾಡಿದೆವು ಎಂದು ತಿಳಿಯಬೇಡ. ಕಲ್ಪಾಕನ್ನು ನೆಲಕ್ಕಿಡುವುದುಂಟೇ? ತೋರ್‌ನ ಗೋಡೆಯ ಹಳೆಯ ತೂತಿಗೆ ಮೊಳೆ ಹೊಡೆದು ಅಲ್ಲೇ ನೇತು ಹಾಕಿದ್ದೇನೆ. ಗೌರವ ತನ್ನ ಜಾಗದಲ್ಲೇ ಇದೆ. ಅಕ್ಸಕಾಲ ಮಾತ್ರ ಇಳಿದು ಕೆಲಸಕ್ಕೆ ಹೋಗಿದ್ದಾನೆ.

ಬುರುಲ್ ಅತ್ತೆಗೆ ನನ್ನ ಸಲಾಮ್ ಹೇಳು, ಮುನಿಸಿಕೊಳ್ಳಬಾರದೆಂದು ಹೇಳು. ಅಮ್ಮ ನಿನಗೆಂದು ಒಣ ಏಪ್ರಿಕಾಟ್ ಕಟ್ಟಿಟ್ಟಿದ್ದಾಳೆ, ಕಳಿಸುವುದಿಲ್ಲವಂತೆ, ಇಲ್ಲಿಗೇ ಬಂದು ತಿನ್ನಬೇಕಂತೆ. ನಿನ್ನ ಉಸಿರು ಹಗುರವಾಗಲಿ, ನಿನ್ನ ಮೊಣಕಾಲುಗಳು ಹೊಸಿಲು ದಾಟಲಿ.

ನಿನ್ನ
ಜಿಪರ್

ತಾ.ಕ. ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನುಂಗಿದ ಸಾಲು ಇನ್ನೊಂದಿದೆ, ಅದನ್ನು ಇಡೀ ಮನೆಯೇ ನುಂಗಿದೆ. ಹಿರಿಯರ ಕಾಯಿಲೆಯನ್ನು ಹಿರಿಯರಿಗೆ ಹೇಳಬಾರದು ಎಂಬ ನಮ್ಮ ಪದ್ಧತಿ ನಿನಗೆ ಗೊತ್ತೇ ಇದೆ. ಒಲೆ ಕೆಡವಿದ್ದು ಸೂರಿನ ಮಸಿಗಾಗಿ ಅಲ್ಲ. ಆಗಸ್ಟಿನಲ್ಲಿ ಡಾಕ್ಟರು ನಿನ್ನ ಬಗ್ಗೆ ಕೊಟ್ಟ ಕಾಗದದ ಕೊನೆಯ ಸಾಲು ಇದು, ಒಂದಕ್ಷರ ಬಿಡದೆ ಬರೆಯುತ್ತೇನೆ: "ಎರಡೂ ಶ್ವಾಸಕೋಶಗಳು ದುರ್ಬಲ. ಕಲ್ಲಿದ್ದಲು ಉರಿಸುವ ಮನೆಯಲ್ಲಿ ಇನ್ನೊಂದು ಚಳಿಗಾಲ ಕಳೆಯಕೂಡದು." ನಿನ್ನನ್ನು ಬಿಟ್ಟಿರಲಾರದೆ ಅಪ್ಪ ಮತ್ತೆ ಒಲೆ ಕಟ್ಟಿಸಹೊರಟಾಗ ನಾನು ಅಡ್ಡ ನಿಂತದ್ದೂ ಇದಕ್ಕೇ. ಕಲ್ಲಿದ್ದಲ ಒಲೆಯಿರುವ ಅತ್ತೆಯ ಮನೆಯಲ್ಲಿ ಮೂರು ರಾತ್ರಿಯಿಂದ ನೀನು ಕೂತೇ ನಿದ್ದೆ ಮಾಡುತ್ತಿದ್ದೀ ಎಂದು ಅತ್ತೆಯೇ ಹೇಳಿದಳು. ನಾನು ಇದನ್ನು ಬರೆದದ್ದು ಅಪ್ಪನಿಗೆ ಗೊತ್ತಿಲ್ಲ. ಬೈದರೆ ಬೈಯಲಿ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಕುಬಾನ್ ಬೈಕೆಯ ಕಾರಿನಲ್ಲಿ ಬಂದು ಅತ್ತೆಯ ಗೇಟಿನ ಮುಂದೆ ನಿಂತಿರುತ್ತೇನೆ. ಶಾಲು ಕಟ್ಟಿಕೊಂಡಿರು. ಒಬ್ಬಳೇ ವಾಪಸು ಬರುವುದಿಲ್ಲ.