ನಾನು ಅಳದೆ ನಟಿಸಿದ ದೃಶ್ಯ

ಪ್ರೀತಿಯ ಚಿಕ್ಕಮ್ಮ,

ಮೊನ್ನೆ ಚಿತ್ರಮಂದಿರದ ಹೊರಗೆ ನಿನ್ನ ಹತ್ತಿರ ಏನೂ ಮಾತಾಡಲಾಗಲಿಲ್ಲ. ಸುತ್ತ ಜನ, ಕೈಕುಲುಕುವವರು, ಫೋಟೋ ತೆಗೆಸಿಕೊಳ್ಳುವವರು. ನೀನು ಚಿಕ್ಕಪ್ಪನ ಜೊತೆ ಮೂಲೆಯ ಕಂಬದ ಬಳಿ ನಿಂತಿದ್ದೆ. ನಾನು ನೋಡಿದಾಗ ನೀನು ಒಮ್ಮೆ ತಲೆಯಾಡಿಸಿದೆ. ಏರುದಾರಿಯಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹೊರಡಿಸಿದ ಡ್ರೈವಿಂಗ್ ಶಿಷ್ಯರಿಗೆ ನೀನು ಆಡಿಸುತ್ತೀಯಲ್ಲ, ಅದೇ ತಲೆ. ನಿನ್ನ ಬಳಿ ಹೊಗಳಿಕೆ ಅಂತ ಸಿಗುವುದು ಅಷ್ಟೇ ಎಂದು ನನಗೆ ಗೊತ್ತು. ಆದರೆ ಈ ಸಲ ಹೊಗಳಬೇಕಾದವಳು ನಾನು. ಎದುರಿಗೆ ಶುರು ಮಾಡಿದರೆ "ಸಾಕು ಬಿಡೆ" ಅಂತ ಬಾಯಿ ಮುಚ್ಚಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರದ ಬಾಯಿ ಮುಚ್ಚಿಸಲು ನಿನ್ನಿಂದಲೂ ಆಗದು.

ಈ ಸಿನಿಮಾದ ಪಾತ್ರ ಸಿಕ್ಕಾಗ ನಿನಗೆ ಫೋನಿನಲ್ಲಿ ಅರ್ಧ ಮಾತ್ರ ಹೇಳಿದ್ದೆ. ಒಂದು ಆಸ್ಪತ್ರೆ, ಒಂದು ಹಗಲು, ಎಣಿಸದೆ ಬಂದ ಬಸಿರು ಹೊತ್ತ ಮೂವರು ಹೆಂಗಸರು. ಅವರಲ್ಲಿ ಹಿರಿಯವಳು ನಾನು: ಇಬ್ಬರು ಮಕ್ಕಳ ತಾಯಿ, ಇನ್ನೊಂದು ಬೇಡವೆಂದು ತೀರ್ಮಾನಿಸಿ ಬಂದವಳು. ಎಲ್ಲ ಮುಗಿದ ಮೇಲೆ ಅವಳು ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಗೋಡೆಗೆ ತಲೆ ಚಚ್ಚಿಕೊಂಡು ಅಳುತ್ತಾಳೆ, ಕ್ಷಮಿಸು ಕಂದಾ ಎನ್ನುತ್ತಾಳೆ ಎಂದು ಚಿತ್ರಕಥೆಯಲ್ಲಿ ಬರೆದಿತ್ತು. ಓದುವಾಗಲೇ ನನ್ನ ನಾಲಿಗೆ ತಡವರಿಸಿತು. ಅಳುವುದು ನನಗೆ ಕಷ್ಟವಲ್ಲ. ಕಣ್ಣೀರು ಕರೆದ ಕೂಡಲೇ ಬರುತ್ತದೆ. ಆದರೆ ನಾನು ಕಣ್ಣಾರೆ ಕಂಡಿದ್ದವಳು ಹಾಗೆ ಮಾಡಿರಲಿಲ್ಲವಲ್ಲ.

ಆಗ ನಾನು ನಿಮ್ಮ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ನೀನು ಡ್ರೈವಿಂಗ್ ಶಾಲೆಗೆ ಕಲಿಸಲು ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಹೆಂಗಸಿನ ಕೈಲಿ ಕಲಿಯುವುದಿಲ್ಲವೆಂದು ಎದ್ದುಹೋದ ಗಂಡಸರೇ ತಮ್ಮ ಹೆಂಡತಿಯರನ್ನು ನಿನ್ನ ಬಳಿಗೆ ಕಳಿಸತೊಡಗಿದ್ದರು. ಮನೆಯಲ್ಲಿ ನಿನ್ನ ಇಬ್ಬರು ಮಕ್ಕಳಲ್ಲಿ ಚಿಕ್ಕವಳಿಗೆ ಉಬ್ಬಸ. ಅವಳನ್ನು ಎದೆಗೊರಗಿಸಿಕೊಂಡು ನೀನು ಕೂತೇ ನಿದ್ದೆ ಮಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಂಥ ದಿನಗಳಲ್ಲಿ ನೀನು ಮತ್ತೆ ಬಸಿರಾದೆ.

ಬೇಡ ಎಂದು ನೀನು ಅಂದದ್ದೇ ತಡ, ಮನೆ ತುಂಬ ಪಂಚಾಯಿತಿ. ನಮ್ಮಮ್ಮ ಬಸ್ಸು ಹಿಡಿದು ಬಂದಳು. ಚಿಕ್ಕಪ್ಪ ಮರಗೆಲಸದ ಅಂಗಡಿ ಮುಚ್ಚಿ, ಷರಟಿನ ತುಂಬ ಮರದ ಹೊಟ್ಟು ಅಂಟಿಸಿಕೊಂಡೇ ಬಂದು ಕೂತರು. ಒಂದು ಮಗು ಹೆಚ್ಚಾದರೆ ಭೂಮಿಗೇನು ಭಾರ ಎಂದರು. ಅಮ್ಮ ಅತ್ತಳು, ಬೇಕಾದರೆ ತಾನೇ ಸಾಕುತ್ತೇನೆ ಎಂದಳು. ಉಬ್ಬಸದ ಮಗಳನ್ನು ಕಾರಣವಾಗಿ ತೋರಿಸಿದ್ದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ನೀನು ಮಗಳನ್ನು ಮುಂದೆ ಹಿಡಿಯಲಿಲ್ಲ. ಎಲ್ಲರ ಮಾತು ಮುಗಿಯುವವರೆಗೂ ಕಾದು, ಇಷ್ಟೇ ಹೇಳಿದೆ: "ನೀವೆಲ್ಲ ಹೇಳಿದ್ದು ಕೇಳಿಸ್ಕೊಂಡೆ ಅಕ್ಕ. ನಂಗೆ ಬೇಡ. ಬೇಡ ಅನ್ನೋಕೆ ಇನ್ನೊಂದು ಕಾರಣ ಹುಡುಕಿ ಕೊಡಲ್ಲ."

ಚಿಕ್ಕಪ್ಪ ಕೆಟ್ಟವರಲ್ಲ. ಕೂಗಾಡಲಿಲ್ಲ, ತಡೆಯಲಿಲ್ಲ. ಆಸ್ಪತ್ರೆಗೆ ಮಾತ್ರ ಬರಲಾರೆ ಎಂದು ಮುಖ ತಿರುಗಿಸಿ ಅಂಗಡಿಗೆ ಹೋದರು. ನೀನು ನನ್ನನ್ನು ಕರೆದೆ. ದಾರಿಯುದ್ದಕ್ಕೂ ಟ್ಯಾಕ್ಸಿಯವನು ಗೇರು ಹಾಕುವ ರೀತಿಗೆ ನೀನು ಮುಖ ಸಿಂಡರಿಸಿಕೊಂಡು ಕೂತಿದ್ದೆ. ಕೊನೆಗೆ ತಡೆಯಲಾರದೆ, ಪಾಪ ಗಾಡಿಗೂ ಜೀವ ಇದೆಯಪ್ಪಾ ಅಂದುಬಿಟ್ಟೆ. ಹೆದರಿ ಮುದ್ದೆಯಾಗಿದ್ದ ನನಗೆ ಅಲ್ಲೂ ನಗು ಬಂತು.

ಕಾಯುವ ಕೋಣೆಯಲ್ಲಿ ನಮ್ಮ ಪಕ್ಕ ಒಬ್ಬ ಹುಡುಗಿ ಕೂತಿದ್ದಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಇನ್ನೊಂದು ಪಕ್ಕದಲ್ಲಿ ಅವಳ ತಾಯಿ, ಮಗಳ ಮಣಿಕಟ್ಟು ಬಿಡದೆ ಹಿಡಿದುಕೊಂಡಿದ್ದರು. ತಾಯಿ ಹಣ ಕಟ್ಟಲು ಎದ್ದುಹೋದಾಗ ಹುಡುಗಿ ಬಿಕ್ಕಿದಳು. ನೀನು ಏನಾಯಿತು ಎಂದು ಕೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನಿಂಗೇನು ಬೇಕು?" ಎಂದು ಕೇಳಿದೆ. ಅವಳು ನಿನ್ನನ್ನೇ ನೋಡಿದಳು. "ನಂಗೆ ಮಗು ಬೇಕು ಆಂಟಿ. ಯಾರೂ ಕೇಳ್ಲೇ ಇಲ್ಲ" ಅಂದಳು. ಗಂಡ ಬಿಟ್ಟುಹೋಗಿದ್ದನಂತೆ. ಮಗುವಿದ್ದರೆ ಮಗಳ ಬಾಳು ಮತ್ತೆ ನೇರವಾಗದೆಂದು ತಾಯಿ ಎಳೆದು ತಂದಿದ್ದರು.

ನೀನು ಎದ್ದು ಹೋಗಿ ಡಾಕ್ಟರ ಬಾಗಿಲು ತಟ್ಟಿದೆ. ಈ ಹುಡುಗಿಯನ್ನು ಒಬ್ಬಳನ್ನೇ ಒಳಗೆ ಕರೆದು ಕೇಳಿ ಎಂದೆ. ಅಷ್ಟರಲ್ಲಿ ತಾಯಿ ವಾಪಸು ಬಂದರು. ನೀನೇ ತೆಗೆಸಿಕೊಳ್ಳಲು ಬಂದವಳು, ನನ್ನ ಮಗಳಿಗೆ ಬುದ್ಧಿ ಹೇಳಲು ನೀನು ಯಾರು ಎಂದು ಅಷ್ಟು ಜನರ ಎದುರಿಗೆ ಕೇಳಿದರು. ಕೋಣೆಯ ಕಣ್ಣೆಲ್ಲ ನಿನ್ನ ಮೇಲೆ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನೀನು ದನಿ ಏರಿಸಲಿಲ್ಲ.

"ಹೌದಮ್ಮ, ತೆಗೆಸ್ಕೊಳ್ಳೋಕೇ ಬಂದಿದೀನಿ. ನನ್ನ ಯಾರೂ ಎಳ್ಕೊಂಡು ಬಂದಿಲ್ಲ. ಅವಳನ್ನ ನೀವು ಎಳ್ಕೊಂಡು ಬಂದಿದೀರ. ಅಷ್ಟೇ ವ್ಯತ್ಯಾಸ."

ಡಾಕ್ಟರು ಹುಡುಗಿಯನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಅವಳು ನೇರ ಮೆಟ್ಟಿಲಿನ ಕಡೆ ನಡೆದಳು, ತಾಯಿ ಗೊಣಗುತ್ತ ಹಿಂದೆ ಓಡಿದರು. ಮುಂದೆ ಅವರು ಏನಾದರೋ ನಮಗೆ ತಿಳಿಯಲಿಲ್ಲ. ಆಮೇಲೆ ನಿನ್ನನ್ನು ಕರೆದರು. ಕೈಚೀಲವನ್ನು ನನ್ನ ಮಡಿಲಿಗೆ ಹಾಕಿ, ಏನಾದರೂ ತಿಂದುಕೊಂಡಿರು ಎಂದು ಹೇಳಿ ಒಳಗೆ ಹೋದೆ. ಒಂದು ಮಗುವನ್ನು ಉಳಿಸಲು ಜಗಳವಾಡಿದವಳು, ಅದೇ ಕಾಲಲ್ಲಿ ನಡೆದು ತನ್ನ ಬಸಿರನ್ನು ಇಳಿಸಿಕೊಳ್ಳಲು ಹೋದಳು. ಇದರಲ್ಲಿ ಒಂದಕ್ಕೊಂದು ಹೊಂದದ್ದು ಏನೋ ಇದೆ ಎಂದು ಆ ದಿನ ನನಗೆ ಅನ್ನಿಸಿತ್ತು. ನಿನ್ನಲ್ಲಿ ಅಂಥ ಗೊಂದಲವೇ ಇರಲಿಲ್ಲ ಎಂದು ತಿಳಿಯಲು ನಾನೂ ಬೆಳೆಯಬೇಕಾಯಿತು.

ಮನೆಗೆ ಬಂದು ನೀನು ಮಲಗಿದೆ. ಸಂಜೆ ಎದ್ದು ಕಿಟಕಿಯ ಬಳಿ ಕೂತಿದ್ದಾಗ, ಬೇಜಾರಾಯಿತಾ ಎಂದು ನಾನು ಹೆದರುತ್ತಲೇ ಕೇಳಿದೆ. "ಬೇಜಾರಾಯ್ತು. ಆದ್ರೆ ತಪ್ಪು ಮಾಡ್ದೆ ಅಂತ ಅನ್ನಿಸ್ತಿಲ್ಲ. ಅವೆರಡೂ ಬೇರೆ ಬೇರೆ ಕಣೆ" ಎಂದೆ ನೀನು. ಅಷ್ಟರಲ್ಲಿ ಚಿಕ್ಕವಳು ಬಂದು ಜಡೆ ಹಾಕು ಅಂತ ಬೆನ್ನು ತಿರುಗಿಸಿ ಕೂತಳು. ನೀನು ಹಾಕಿದೆ.

ಇದನ್ನೆಲ್ಲ ನಿರ್ದೇಶಕಿಗೆ ಹೇಳಬೇಕೆನಿಸಿ ನಿನಗೆ ಫೋನ್ ಮಾಡಿದ್ದೆ. ಬೇಡ ಅನ್ನುತ್ತೀಯೇನೋ ಎಂದುಕೊಂಡಿದ್ದೆ. ನೀನು, ನನ್ನ ಹೆಸರೊಂದು ಬಿಟ್ಟು ಏನು ಬೇಕಾದರೂ ಹೇಳಿಕೋ, ಆ ಹುಡುಗಿಯದನ್ನು ಮಾತ್ರ ಬಿಡಬೇಡ ಎಂದೆ. ನಿರ್ದೇಶಕಿ ನನಗಿಂತ ಚಿಕ್ಕವಳು, ಹಟಮಾರಿ. ಹುಡುಗಿಯ ಕಥೆಯನ್ನು ತಕ್ಷಣ ತೆಗೆದುಕೊಂಡಳು. ಅಳುವ ದೃಶ್ಯವನ್ನು ಬಿಡಲು ಒಪ್ಪಲಿಲ್ಲ. ಅಳದಿದ್ದರೆ ನೋಡುವವರು ಇವಳನ್ನು ಕ್ಷಮಿಸುವುದಿಲ್ಲ ಎಂದಳು. ಇವಳು ಕ್ಷಮೆ ಕೇಳುತ್ತಿಲ್ಲವಲ್ಲ ಎಂದೆ ನಾನು. ನಿರ್ಮಾಪಕರ ಕಿವಿಗೂ ಬಿತ್ತು. ಆಗದಿದ್ದರೆ ಅಳುವವರು ಬೇಕಾದಷ್ಟು ಜನ ಸಿಗುತ್ತಾರೆ ಎಂದು ಹೇಳಿಕಳಿಸಿದರು. ವರ್ಷಗಟ್ಟಲೆ ನಾಯಕಿಯ ಅಕ್ಕ, ನಾಯಕಿಯ ಟೀಚರು ಆಗಿ ಸವೆದವಳಿಗೆ ಕೈಗೆ ಬಂದ ಮೊದಲ ದೊಡ್ಡ ಪಾತ್ರ. ಆದರೂ ನಿನ್ನ ಜೊತೆ ಕೂತು ಗೋಡೆಗೆ ತಲೆ ಚಚ್ಚಿಕೊಳ್ಳುವ ಆ ದೃಶ್ಯ ನೋಡುವ ಧೈರ್ಯ ನನಗಿರಲಿಲ್ಲ. ಕೊನೆಗೆ ಎರಡೂ ಬಗೆಯಲ್ಲಿ ಚಿತ್ರೀಕರಿಸೋಣ, ಆರಿಸುವುದು ನಿಮಗೆ ಬಿಟ್ಟದ್ದು ಎಂದೆ. ಒಮ್ಮೆ ಅವಳು ಬರೆದಂತೆ ಅತ್ತೆ. ಇನ್ನೊಮ್ಮೆ ಕಿಟಕಿಯ ಬಳಿ ಕೂತೆ, ಮಗಳಾಗಿದ್ದ ಪುಟ್ಟ ನಟಿಗೆ ಜಡೆ ಹಾಕಿದೆ.

ಯಾವುದನ್ನು ಉಳಿಸಿಕೊಂಡಳೆಂದು ಮೊನ್ನೆ ಪರದೆಯ ಮೇಲೆ ನೋಡುವವರೆಗೂ ನನಗೂ ಗೊತ್ತಿರಲಿಲ್ಲ. ನಾನು ನಿಮ್ಮ ಹಿಂದಿನ ಸಾಲಿನಲ್ಲೇ ಕೂತಿದ್ದೆ. ಕಿಟಕಿ ಬಂತು. ಜಡೆ ಬಂತು. ನೀನು ಕದಲದೆ ನೋಡುತ್ತಿದ್ದೆ. ಚಿಕ್ಕಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಚಿತ್ರ ಮುಗಿಯುವವರೆಗೂ ಮತ್ತೆ ಹಾಕಿಕೊಳ್ಳಲಿಲ್ಲ.

ನಿನ್ನೆ ಚಿಕ್ಕಪ್ಪ ನನಗೆ ಫೋನ್ ಮಾಡಿದ್ದರು. ನಿನಗೆ ಹೇಳಿದರೋ ಇಲ್ಲವೋ. ಚೆನ್ನಾಗಿ ಮಾಡಿದ್ದೀಯ ಎಂದು ಶುರು ಮಾಡಿ ಎಲ್ಲೆಲ್ಲೋ ಸುತ್ತಿದರು. ಆಮೇಲೆ, ಚಿತ್ರ ನೋಡಿ ಮನೆಗೆ ಹೋಗುವಾಗ ಕಾರಿನಲ್ಲಿ ನಿನಗೆ, "ಅವತ್ತು ನಾನು ಬರ್ಬೇಕಾಗಿತ್ತು" ಎಂದು ತಾವು ಹೇಳಿದ್ದನ್ನು ತಿಳಿಸಿದರು. ಅದಕ್ಕೆ ನೀನು ಏನೆಂದೆ ಎಂದು ನಾನು ಕೇಳಿದೆ.

"ಏನೂ ಅನ್ಲಿಲ್ಲಮ್ಮ. ಗಾಡಿ ಪಕ್ಕಕ್ಕೆ ನಿಲ್ಸಿದ್ಲು. ಇಬ್ರೂ ಅಲ್ಲೇ ಕೂತಿದ್ವಿ."

ಅಲ್ಲಿ ನೀನು ಕಣ್ಣೀರು ಹಾಕಿದೆಯೋ ಇಲ್ಲವೋ ನಾನು ಕೇಳಲಿಲ್ಲ. ಅದು ಸಿನಿಮಾಕ್ಕೆ ಸೇರಿದ್ದಲ್ಲ, ನನಗೂ ಸೇರಿದ್ದಲ್ಲ. ನಿಮ್ಮಿಬ್ಬರದು.

ಈ ಪತ್ರಕ್ಕೆ ಉತ್ತರ ಬರೆಯಬೇಡ. ಬರೆದರೆ ಬರೀ ಬೈಗುಳವೇ ಇರುತ್ತದೆಂದು ಬಲ್ಲೆ. ಮುಂದಿನ ವಾರ ಬರುತ್ತೇನೆ, ಎದುರಿಗೇ ಬೈದುಬಿಡು. ಹೊಟ್ಟೆ ತಣ್ಣಗಿರಲಿ ಎಂದು ದೊಡ್ಡವರು ಚಿಕ್ಕವರನ್ನು ಹರಸುತ್ತಾರೆ. ಈ ಒಂದು ಸಲ ಚಿಕ್ಕವಳ ಬಾಯಿಂದ ಕೇಳಿಸಿಕೋ. ನೀನು ಹೆತ್ತ ಇಬ್ಬರಿಗಾಗಿ, ಹೆರದೆ ಬಿಟ್ಟದ್ದಕ್ಕಾಗಿ, ಮೆಟ್ಟಿಲಿಳಿದು ಹೋದ ಆ ಹುಡುಗಿಯ ಕೂಸಿಗಾಗಿಯೂ ಹೇಳುತ್ತಿದ್ದೇನೆ: ನಿನ್ನ ಹೊಟ್ಟೆ ತಣ್ಣಗಿರಲಿ, ಚಿಕ್ಕಮ್ಮ.

ಅಂದು ನಿನ್ನ ಕೈಚೀಲ ಹಿಡಿದು ಕೂತಿದ್ದ,
ನಿನ್ನ ಅಕ್ಕನ ಮಗಳು