ಬಾಲ ಆಡಿಸಿದವಳು ನಾನು

ಸರ್,

'ಪ್ರೀತಿಯ' ಎಂದು ಬರೆಯಹೋಗಿ ಬಿಟ್ಟೆ. ನೀವು ಸತ್ತು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾಳೆ ಅಮ್ಮಿ. ಇಟ್ಟುಕೊಂಡರೆ ಏನಾಗುತ್ತದೆ?

ರಾಣೆಬೆನ್ನೂರಿನ ನಿಮ್ಮ ಆನಿಮೇಷನ್ ಸ್ಟುಡಿಯೊಗೆ ಕುಪ್ಪೇಲೂರಿನಿಂದ ಬರತೊಡಗಿದ ಮೊದಲ ವಾರ. ನಾನು ಬರೆದ ಬೆಕ್ಕಿನ ಬಾಲ ಕೋಲಿನಂತೆ ಅತ್ತಿತ್ತ ಹೊರಳುತ್ತಿತ್ತು. ನೀವು ಒದ್ದೆ ಟವೆಲ್ ಹಿಡಿದು ಝಾಡಿಸಿದಿರಿ. "ನೋಡವಾ ಶಾಹೀನ್, ಮೊದಲ ಬುಡ ಹೊಂಡತೈತಿ. ಬುಡ ತಿರುಗಿ ಬಂದ್ರೂ ತುದಿ ಇನ್ನೂ ಅತ್ತಾಗ ಹೊಂಟಿರತೈತಿ. ಆ ಅಲೆ ಹಿಡಿ." ಹಾಗೆ ಕಲಿಸಿದವರೇ ಮುಂದೆ...

ಕದರಮಂಡಲಗಿಯ ಹನುಮಪ್ಪನ ಮೇಲೆ ಬ್ಯಾಡಗಿಯ ಹಿರಿಯರೊಬ್ಬರು ನಿಮ್ಮಿಂದ ಪುಟ್ಟ ಆನಿಮೇಷನ್ ಚಿತ್ರ ಮಾಡಿಸಿದರು, ನೆನಪಿದೆಯಾ? ಬಾಲದ ಕೆಲಸವೆಲ್ಲ ನನ್ನದು. ಹಾರುವಾಗ ಬುಡದಲ್ಲಿ ಎದ್ದ ಅಲೆ ತುದಿಗೆ ಹರಿದು ಚಾಟಿಯಂತೆ ಬಿಚ್ಚಿಕೊಳ್ಳಬೇಕು. ಎರಡು ತಿಂಗಳು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಚಿತ್ರದ ಕೊನೆಗೆ ಬರುವ ಹೆಸರುಗಳಲ್ಲಿ ನನ್ನದಿಲ್ಲ. ಕೇಳಿದರೆ, "ದೇವರ ಪಿಚ್ಚರ್ ಐತಿ. ನಿನ್ನ ಹೆಸರು ನೋಡಿದ್ರ ಅವರು ಏನಂತಾರೋ... ನೀನ ತಿಳ್ಕೊ," ಎಂದಿರಿ.

ಆ ಹಿರಿಯರು ಚಿತ್ರ ನೋಡಲು ಬಂದ ದಿನ ನಾನು ಬಾಗಿಲಲ್ಲೇ ನಿಂತಿದ್ದೆ. "ಬಾಲ ಖರೇನ ಜೀವಂತ ಕಾಣತೈತ್ರಿ. ಯಾರು ಮಾಡ್ಯಾರ?" ಎಂದು ಕೇಳಿದರು. "ನಾನ ಮಾಡೇನ್ರಿ," ಎಂದಿರಿ. ನನ್ನ ಮುಖ ಕೂಡ ನೋಡಲಿಲ್ಲ. ಅವರು ಪ್ರಸಾದ ಹಿಡಿದು ನನ್ನತ್ತ ಬಂದು ಹೆಸರು ಕೇಳಿದರು. ಹೇಳಿದೆ. "ಚಲೋ ಹೆಸರೈತಿ. ತೊಗೊ ಯವ್ವಾ," ಎಂದು ಕೈಗೆ ಹಾಕಿದರು. ಅವರು ಏನಂತಾರೋ ಎಂದಿರಲ್ಲ ಸರ್, ಅಂದಿದ್ದು ಇಷ್ಟೇ. ಹಾಗಾದರೆ ಆ ಮಾತು ಯಾರದಾಗಿತ್ತು?

ಅವತ್ತೇ ಕೆಲಸ ಬಿಟ್ಟೆ. ಕೊನೆಗಾಲದಲ್ಲಿ ಆಸ್ಪತ್ರೆಯಿಂದ ನೀವು ಎರಡು ಸಲ ಫೋನ್ ಮಾಡಿದಿರಿ, ಎತ್ತಲಿಲ್ಲ. ತಪ್ಪಾಯಿತು ಎನ್ನಲು ಮಾಡಿದಿರೋ, ಯಾವುದೋ ಫೈಲು ಎಲ್ಲಿದೆ ಎಂದು ಕೇಳಲೋ, ಇನ್ನು ಗೊತ್ತಾಗುವುದಿಲ್ಲ. ಅದಕ್ಕೂ ನಿಮ್ಮ ಮೇಲೇ ಸಿಟ್ಟು.

ಒಂದು ಸುದ್ದಿ ಹೇಳಬೇಕು. ನಿಮ್ಮ ಮಗಳು ಸುಮಾ ಹೋದ ತಿಂಗಳು ನಮ್ಮ ಮನೆಗೆ ಬಂದು, "ಅಕ್ಕಾ, ನನಗೂ ಕಲಿಸ್ರಿ," ಎಂದಳು. ಬಾಗಿಲು ಹಾಕಿಬಿಡೋಣ ಅನ್ನಿಸಿತು. ಹಾಕಲಿಲ್ಲ. ಈಗ ಸೆರಗು ಗಾಳಿಗೆ ಹಾರುವುದನ್ನು ಬರೆಯುತ್ತಾಳೆ, ಕೈ ಚೆನ್ನಾಗಿದೆ. ನಿನ್ನೆ ಕೇಳಿದಳು, "ಅಪ್ಪ ನಿಮಗ ಹೆಂಗ ಕಲಿಸ್ತಿದ್ರು?"

"ಭಾಳ ಚಲೋ ಕಲಿಸ್ತಿದ್ರು," ಎಂದೆ. ಅದು ಸುಳ್ಳಲ್ಲ. ಉಳಿದದ್ದನ್ನು ಅವಳಿನ್ನೂ ಕೇಳಿಲ್ಲ. ಕೇಳಿದ ದಿನ ಹೇಳುತ್ತೇನೆ, ಸರ್. ಒಂದು ಮಾತೂ ಬಿಡುವುದಿಲ್ಲ.

ಶಾಹೀನ್