ಮೂರನೇ ವಾರ್ಡಿನ ಕೋರ್ಟು

ಆಸ್ಪತ್ರೆ, ಮೂರನೇ ವಾರ್ಡು
೧೨ನೇ ತಾರೀಖು, ಮಂಗಳವಾರ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಭಾವ ಈಗಲೂ ಊಟವಾದ ಕೂಡಲೇ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಾರಾ? ನಾನು ಚೆನ್ನಾಗಿದ್ದೇನೆ. ಮಾತ್ರೆ ತಪ್ಪಿಸುತ್ತಿಲ್ಲ, ನಿದ್ದೆ ಬರುತ್ತದೆ, ಕಿವಿಯಲ್ಲಿ ಮಾತಾಡುತ್ತಿದ್ದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋಗಿದ್ದಾರೆ.

ಇಲ್ಲಿ ವಾರಕ್ಕೊಮ್ಮೆ ನಮಗೆ ಕೋರ್ಟಿನ ಪಾಠ, ಗೊತ್ತಾ? ವಿಚಾರಣೆ ಎದುರಿಸುವಷ್ಟು ತಲೆ ನೆಟ್ಟಗಾಗಿದೆ ಎಂದು ಡಾಕ್ಟರಮ್ಮ ಬರೆದುಕೊಡುವವರೆಗೆ ಕೇಸು ಅಲ್ಲಾಡುವುದಿಲ್ಲ. ಅದಕ್ಕೇ ಊಟದ ಮೇಜುಗಳನ್ನು ಸರಿಸಿ ನಾವೇ ಕೋರ್ಟು ನಡೆಸುತ್ತೇವೆ. ಹೋದ ವಾರ ಹಿರಿಯ ನರ್ಸು ಜಡ್ಜು, ಕಟಕಟೆಯಲ್ಲಿ ನಾನು, ಪಕ್ಕದ ಮಂಚದ ಗಡ್ಡದಣ್ಣ ನನ್ನ ವಕೀಲ. ಅವನು ಪಾಪ ಬೆವರು ಸುರಿಸಿ ವಾದ ಮಾಡುತ್ತಿದ್ದರೆ ನಾನು ನಡುವೆ ಬಾಯಿ ಹಾಕಿ, "ಇವನ ಮಾತು ಕೇಳ್ಬೇಡಿ ಸ್ವಾಮಿ, ಅಕ್ಕನ ಅಂಗಡಿ ಬೀಗ ಒಡೆದು ಹೊಲಿಗೆ ಮಿಷನ್ನೆಲ್ಲ ಕಾಲುವೆಗೆ ಎಸೆದವನು ನಾನೇ, ಒಳಗೆ ಹಾಕಿ" ಎಂದುಬಿಟ್ಟೆ! ಗಡ್ಡದಣ್ಣ ತಲೆ ಚಚ್ಚಿಕೊಂಡು, "ಇಂಥ ಕಕ್ಷಿದಾರ ಇದ್ರೆ ಎದುರು ಪಾರ್ಟಿಗೆ ವಕೀಲರೇ ಬೇಡ" ಎಂದ. ವಾರ್ಡೆಲ್ಲ ಬಿದ್ದು ಬಿದ್ದು ನಕ್ಕಿತು.

ನಾನೇನೋ ನಿಜ ಹೇಳಿದ್ದಕ್ಕೆ ಭೇಷ್ ಎನ್ನುತ್ತಾರೆ ಎಂದುಕೊಂಡಿದ್ದೆ. ಡಾಕ್ಟರಮ್ಮ ನಗುನಗುತ್ತಲೇ ಫೇಲು ಮಾಡಿದರು. "ಜಡ್ಜ್ ಯಾರು, ವಕೀಲರು ಯಾರು, ಎಲ್ಲಾ ಗೊತ್ತು ನಿಮಗೆ. ನಿಮ್ಮ ವಕೀಲರ ಜೊತೆ ಸೇರಿ ಕೆಲಸ ಮಾಡೋಕೂ ಬರಬೇಕಲ್ಲಪ್ಪ?" ಎಂದರು. ಆಮೇಲೆ ಬಿಡಿಸಿ ಹೇಳಿದರು. ಮಾಡಿದ್ದು ನಾನು ಎನ್ನುವುದು ಒಂದು ಮಾತು. ಏನು ಮಾಡುತ್ತಿದ್ದೇನೆ, ಅದು ತಪ್ಪು ಎಂಬ ಅರಿವು ಅವತ್ತು ನನಗಿತ್ತೇ ಎನ್ನುವುದು ಬೇರೆಯೇ ಮಾತು. ಮಿಷನ್ನುಗಳು ನನ್ನ ಗುಟ್ಟನ್ನೆಲ್ಲ ಗಿರಾಕಿಗಳ ಬಟ್ಟೆಯ ಮೇಲೆ ಹೊಲಿಯುತ್ತಿವೆ ಎಂದು ನಿಜಕ್ಕೂ ನಂಬಿದ್ದೆ ಅಕ್ಕಾ. ಕೇಳುತ್ತಾ ಕೇಳುತ್ತಾ ನನಗೆ ಅಳುವೇ ಬಂತು.

ಈ ವಾರ ಪಾಸಾದೆ! ಗಡ್ಡದಣ್ಣ ತನ್ನ ಪಾಲಿನ ಬಿಸ್ಕತ್ತನ್ನೂ ನನಗೇ ಕೊಟ್ಟ. ಮುಂದಿನ ತಿಂಗಳು ವಿಚಾರಣೆ. ಅರಿವಿರಲಿಲ್ಲ ಎಂದು ತೋರಿಸಿದರೆ ಇಲ್ಲೇ ಚಿಕಿತ್ಸೆ, ಇಲ್ಲದಿದ್ದರೆ ಜೈಲು. ಡಾಕ್ಟರುಗಳು ನನ್ನನ್ನು ನೋಡಿದ್ದು ಆಮೇಲೆ. ಅವತ್ತು ಹತ್ತಿರದಿಂದ ನೋಡಿದವಳು ನೀನೊಬ್ಬಳೇ.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಎರಡು ಮುತ್ತು.

ಇಂತಿ,
ನಿನ್ನ ಮಂಗ ತಮ್ಮ

ತಾ.ಕ.: ಕವರು ಅಂಟಿಸುವ ಮೊದಲು ಇದೊಂದು. "ನನ್ನ ತಮ್ಮನಿಗೆ ಹುಚ್ಚುಗಿಚ್ಚು ಏನೂ ಇರ್ಲಿಲ್ಲ, ಸಿಟ್ಟಲ್ಲಿ ಮಾಡ್ಬಿಟ್ಟ" ಎಂದು ಸಾಕ್ಷಿ ಹೇಳುತ್ತೀಯಂತೆ, ನನ್ನ ನಿಜವಾದ ವಕೀಲರು ಹೇಳಿದರು. ನನ್ನ ಮರ್ಯಾದೆ ಉಳಿಸಲು ಎಂದು ಗೊತ್ತು. ಬೇಡ ಅಕ್ಕಾ, ಹುಚ್ಚ ಎನ್ನುವ ಮಾತನ್ನು ನಾನು ತಡೆದುಕೊಳ್ಳುತ್ತೇನೆ. ಕಾಲುವೆ ದಂಡೆಯಲ್ಲಿ ನೀನು ನನ್ನ ಕೈ ಹಿಡಿದು ಎಳೆದಾಗ ನಾನು ನಿನ್ನ ಮುಖ ನೋಡಿ ಏನು ಕೇಳಿದೆನೋ, ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲವಂತೆ ನೀನು. ನನಗೆ ನೆನಪಿದೆ. ಜಡ್ಜ್ ಮುಂದೆ ಅದನ್ನೇ ಹೇಳು: "ಯಾರಮ್ಮ ನೀವು?"